ಮಕ್ಕಳಿಗೊಂದು ಕೆಲಸ

ಶಾಲೆಯ ಮಾಡಿನ ತೊಲೆಯೊಂದು ಸೀಳಿದೆ ಎಂದು ಗೊತ್ತಾದ ದಿನ ಮಕ್ಕಳನ್ನೆಲ್ಲ ಮಧ್ಯಾಹ್ನಕ್ಕೇ ಮನೆಗೆ ಕಳಿಸಿದರು. ಮೂರು ವಾರ ರಜೆ ಎಂದು ಗೇಟಿಗೆ ಚೀಟಿ ಅಂಟಿಸಿದರು. ಮೂರು ವಾರ ಕಳೆದ ಮೇಲೆ ಆ ಚೀಟಿಯ ಮೇಲೆಯೇ ಇನ್ನೊಂದು ಚೀಟಿ ಬಂತು. ಅದರಲ್ಲಿ ದಿನಾಂಕವಿರಲಿಲ್ಲ, ಮುಂದೆ ತಿಳಿಸುತ್ತೇವೆ ಎಂದಷ್ಟೇ ಇತ್ತು.

ಮೇಸ್ತ್ರಿಯ ಮನೆಯಲ್ಲಿ ಆ ಶಾಲೆಗೆ ಹೋಗುವ ಮಕ್ಕಳು ಮೂರು. ಮೇಸ್ತ್ರಿಯ ಹಿರಿಮಗ ಬಸ್ಸಿನ ಡ್ರೈವರ್. ಅವನಿಗೆ ಹನ್ನೊಂದು ವರ್ಷದ ಮಗಳು, ಆರು ವರ್ಷದ ಮಗ. ಮಗಳು ಎಲ್ಲರಿಗೂ ಅಪ್ಪಣೆ ಕೊಡುತ್ತ ಓಡಾಡುವವಳಾದ್ದರಿಂದ ಅವಳಿಗೆ ಮೇಡಮ್ಮು ಎಂದು ಹೆಸರು ಬಿದ್ದಿತ್ತು. ಮಗ ಗುಂಡ. ಕಿರಿಮಗ ಟೈಲ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅವನಿಗೆ ಒಬ್ಬಳೇ ಮಗಳು, ಒಂಬತ್ತು ವರ್ಷ. ಅವಳು ಒಂದು ಕಡೆ ಕೂತದ್ದನ್ನು ಕಂಡವರಿಲ್ಲ, ಹಾಗಾಗಿ ಅಳಿಲು. ಮೇಸ್ತ್ರಿ ನಲವತ್ತು ವರ್ಷ ಊರವರ ಮನೆಗಳನ್ನು ಕಟ್ಟಿ, ಸೊಂಟ ಹಿಡಿದ ಮೇಲೆ ಕರಣೆ ಕೆಳಗಿಟ್ಟು ಮನೆಯಲ್ಲಿದ್ದ. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು.

ಮನೆಯೂ ಅವನೇ ಕಟ್ಟಿದ್ದು. ಕೈಯಲ್ಲಿ ಒಂದಿಷ್ಟು ಉಳಿದಾಗ ಒಂದು ಕೋಣೆ, ಮತ್ತೆ ನಾಲ್ಕು ವರ್ಷ ಬಿಟ್ಟು ಇನ್ನೊಂದು ಕೋಣೆ, ಹೀಗೆ ಬೆಳೆದ ಮನೆ. ನಡುವೆ ಹಜಾರ, ಎಡಕ್ಕೆ ಹಿರಿಯವನ ಕೋಣೆಗಳು, ಬಲಕ್ಕೆ ಕಿರಿಯವನವು, ಹಿಂದೆ ಒಂದೇ ಅಡಿಗೆಮನೆ, ಅದರಾಚೆ ಹಿತ್ತಲು. ಬಲಗಡೆ ಓಣಿಗೆ ಇನ್ನೊಂದು ಬಾಗಿಲೂ ಇತ್ತು. ಬೇರೆಯಾಗಬೇಕೆನ್ನುವವರಿಗೆ ಹೇಳಿ ಮಾಡಿಸಿದಂತಿತ್ತು ಮನೆ.

ಬೇರೆಯಾಗುವ ಮಾತು ಎದ್ದು ಎರಡು ವರ್ಷವಾಗಿತ್ತು. ಎದ್ದದ್ದು ಮುಂದೆ ಹೋಗದೆ ನಿಂತದ್ದು ಹಿತ್ತಲಿನಲ್ಲಿ. ನಲ್ಲಿ ಎಡಕ್ಕಿತ್ತು, ಬಚ್ಚಲು ಬಲಕ್ಕಿತ್ತು. ಹಿರಿಯವನು ಗೆರೆಯನ್ನು ಬಚ್ಚಲಿನಾಚೆ ಎಳೆಯಬೇಕೆಂದ, ಕಿರಿಯವನು ನಲ್ಲಿಯಾಚೆ. ಊರಿನ ಇಬ್ಬರು ಹಿರಿಯರು ಬಂದು ಕೂತು, ಚಹಾ ಕುಡಿದು, ಮೇಸ್ತ್ರಿಯೇ ಹೇಳಲಿ ಎಂದು ಎದ್ದುಹೋದರು. ಮೇಸ್ತ್ರಿ ಒಂದೇ ಮಾತು ಹೇಳಿದ್ದ: ತಾನು ಬದುಕಿರುವವರೆಗೆ ಈ ಹಿತ್ತಲಿಗೆ ಗೆರೆ ಎಳೆಯುವುದಿಲ್ಲ. ಗೆರೆಯಿಲ್ಲದ್ದರಿಂದ ಒಲೆ ಒಂದೇ ಉಳಿಯಿತು. ಅವನಿಗೆ ಬೇಕಾಗಿದ್ದದ್ದೂ ಅಷ್ಟೇ.

ಶಾಲೆ ಮುಚ್ಚಿದ ಮೇಲೆ ಭಾರವೆಲ್ಲ ಕಿರಿಸೊಸೆಯ ಮೇಲೆ ಬಿತ್ತು. ಹಿರಿಸೊಸೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಗಂಡ ಹೊರಡಿಸುವ ಮೊದಲ ಬಸ್ಸಿಗೇ ಹೋದರೆ ಸಂಜೆ ಐದಕ್ಕೆ, ಬಿಸಿನೀರಿನಲ್ಲಿ ನೆನೆದು ಸುಕ್ಕಾದ ಕೈಗಳೊಂದಿಗೆ ಬರುತ್ತಿದ್ದಳು. ಕಿರಿಸೊಸೆ ಮನೆಯಲ್ಲೇ ಅಂಗಡಿಯೊಂದಕ್ಕೆ ಪರದೆ ಹೊಲಿಯುತ್ತಿದ್ದಳು. ಮನೆಯಲ್ಲೇ ಇರುವವಳು ಎಂದ ಮೇಲೆ ಬಿಡುವಾಗಿರುವವಳು ಎಂದೇ ಎಲ್ಲರ ಲೆಕ್ಕ. ಮೂರು ಮಕ್ಕಳ ತಿಂಡಿ, ಮಧ್ಯಾಹ್ನದ ಊಟ, ಜಗಳ, ಗಾಯ, ಎಲ್ಲ ಅವಳದೇ ಆಯಿತು. ಮಿಷನ್ನಿನ ಮುಂದೆ ಕೂತರೆ ಗುಂಡ ಪೆಡಲಿನ ಕೆಳಗೆ ನುಸುಳುತ್ತಿದ್ದ. ಬಾಗಿಲು ಹಾಕಿಕೊಂಡರೆ ಮೂವರೂ ಸೇರಿ ಬಡಿಯುತ್ತಿದ್ದರು.

ನಾಲ್ಕನೆಯ ವಾರ ಮೇಡಮ್ಮು ತನ್ನ ಮುಂದಾಳತ್ವದಲ್ಲಿ ನಾಟಕ ಮಾಡಿಸಿದಳು. ರಾಜನ ಮೇಲುಹೊದಿಕೆಗೆಂದು ಆರ್ಡರಿನ ನೀಲಿ ಪರದೆ ಬಟ್ಟೆ ಒಂದೂವರೆ ಮೀಟರ್ ಕತ್ತರಿಸಿ ಹೋಯಿತು.

ಆ ಸಂಜೆ ಹಿರಿಸೊಸೆ ಚಪ್ಪಲಿ ಬಿಡುವ ಮೊದಲೇ ಬಟ್ಟೆ ಅವಳ ಮುಂದೆ ಬಿತ್ತು.

"ಅಕ್ಕ, ಇದನ್ನ ಅಂಗಡಿಯವರಿಗೆ ನೀವೇ ಕೊಟ್ಟು ಬನ್ನಿ. ನನ್ನ ಕೈಲಾಗಲ್ಲ."

"ಕತ್ತರಿ ಮಕ್ಕಳ ಕೈಗೆ ಸಿಗೋ ಹಾಗೆ ಇಟ್ಟವರು ಯಾರು?"

"ಕತ್ತರಿ ನನ್ನ ಕೋಣೆಯಲ್ಲಿತ್ತು. ಮಕ್ಕಳು ನಿಮ್ಮ ಕೋಣೆಯಲ್ಲಿರಲಿಲ್ಲ."

"ಮೂರರಲ್ಲಿ ಒಂದು ನಿಂದೂ ಇತ್ತಲ್ಲಮ್ಮ."

"ಇತ್ತು. ಒಂದನ್ನ ನೋಡ್ಕೊಳ್ಳೋದು ನನಗೆ ಗೊತ್ತು. ಮೂರನ್ನ ನೋಡ್ಕೊಳ್ಳೋದಕ್ಕೆ ಊರಲ್ಲಿ ಸಂಬಳ ಕೊಡ್ತಾರೆ."

ಹಿರಿಸೊಸೆ ಆ ತಿಂಗಳ ಅಕ್ಕಿ ಯಾರ ಸಂಬಳದ್ದೆಂದು ಕೇಳಿದಳು. ಕಿರಿಸೊಸೆ ಆ ಅಕ್ಕಿಯನ್ನು ಬೇಯಿಸುವವರು ಯಾರೆಂದು ಕೇಳಿದಳು. ಗಂಡಂದಿರು ಬಂದ ಮೇಲೆ ಅದೇ ಮಾತು ಎರಡನೆಯ ಸಲ, ಇನ್ನಷ್ಟು ಗಟ್ಟಿಯಾಗಿ ನಡೆಯಿತು. ಊಟದ ಹೊತ್ತಿಗೆ ಬೇಯಿಸಿದ ಆಲೂಗಡ್ಡೆ ತಣ್ಣಗಾಗಿತ್ತು. ಶಾಲೆ ಇನ್ನೂ ಒಂದು ತಿಂಗಳು ತೆರೆಯದಿದ್ದರೆ ತಾನು ಹೊಲಿಗೆ ಕೋಣೆಯಲ್ಲೇ ಒಲೆ ಹೂಡುವುದಾಗಿ ಕಿರಿಸೊಸೆ ಹೇಳಿದಳು. ಅವಳ ಗಂಡ ತಟ್ಟೆ ನೋಡುತ್ತ, ಅವಳು ಹೇಳೋದರಲ್ಲೂ ಅರ್ಥವಿದೆ ಎಂದ.

ಮೇಸ್ತ್ರಿ ಕೈ ತೊಳೆದು ಬಂದು ಮಣೆಯ ಮೇಲೆ ಮತ್ತೆ ಕೂತ.

"ನಾಳೆಯಿಂದ ಮಕ್ಕಳು ನನ್ನ ಜವಾಬ್ದಾರಿ" ಎಂದ. "ನಿಮ್ಮ ಕಾಲಿಗೆ ತೊಡರಿದ್ರೆ ನನ್ನ ಕೇಳಿ. ಶಾಲೆ ತೆರೆಯೋವರೆಗೆ ಒಲೆ ಮಾತು ಯಾರೂ ಎತ್ತಬೇಡಿ."

"ನಿಮ್ಮ ಸೊಂಟ, ಮಾವ" ಎಂದಳು ಹಿರಿಸೊಸೆ.

"ಸೊಂಟ ನಂದು. ನಾನು ನೋಡ್ಕೋತೀನಿ."

ಮೊದಲ ಮೂರು ದಿನ ಅವನಿಗೆ ದಾರಿ ಸಿಗಲಿಲ್ಲ. ಕಥೆ ಹೇಳಿದ. ಅವನ ಕಥೆಗಳೆಲ್ಲ ಯಾರ ಮನೆಯ ಪಾಯದಲ್ಲಿ ನೀರು ಬಂತು, ಯಾರು ಸುಣ್ಣದಲ್ಲಿ ಮೋಸ ಮಾಡಿದರು ಎನ್ನುವಂಥವು. ಅಳಿಲು ಅರ್ಧಕ್ಕೇ ಎದ್ದುಹೋದಳು. ಇಸ್ಪೀಟು ಕಲಿಸಿದ. ಗುಂಡ ಸೋತು ಎರಡು ಎಲೆ ಹರಿದ. ಲೆಕ್ಕ ಕೊಟ್ಟ. ಮೇಡಮ್ಮು ಮೂವರ ಲೆಕ್ಕವನ್ನೂ ತಾನೇ ಬಿಡಿಸಿ ಮಿಕ್ಕ ಇಬ್ಬರಿಗೆ ಮಾರ್ಕು ಹಾಕಿದಳು, ಅದಕ್ಕೆ ಹೊಡೆದಾಟವಾಯಿತು. ಒಳಗೆ ಮಿಷನ್ನಿನ ಸದ್ದು ನಿಂತು ನಿಂತು ಬರುತ್ತಿತ್ತು. ಅದು ನಿಂತಾಗಲೆಲ್ಲ ಮೇಸ್ತ್ರಿ ಬಾಗಿಲ ಕಡೆ ನೋಡುತ್ತಿದ್ದ.

ನಾಲ್ಕನೆಯ ದಿನ ಮೂವರನ್ನೂ ಹಿತ್ತಲಿಗೆ ಕರೆದೊಯ್ದ. ಐದು ವರ್ಷದ ಹಿಂದೆ ಅಲ್ಲಿ ಸೌದೆ ಇಡುವ ಕೊಟ್ಟಿಗೆಯೊಂದಿತ್ತು. ಅದನ್ನು ಕೆಡವಿದಾಗ ಬಂದ ಇಟ್ಟಿಗೆ ಒಂದು ಮೂಲೆಯಲ್ಲಿ ರಾಶಿಯಾಗಿ ಪಾಚಿ ಹಿಡಿದಿತ್ತು. ಇದರಲ್ಲಿ ನಿಮಗೊಂದು ಮನೆ ಕಟ್ಟೋಣವೇ ಎಂದು ಕೇಳಿದ.

"ಆಟದ ಮನೆನಾ, ನಿಜವಾದ್ದಾ?" ಎಂದಳು ಅಳಿಲು.

"ಇಟ್ಟಿಗೆಗೆ ಅದೆಲ್ಲ ಗೊತ್ತಾಗಲ್ಲ. ಕಟ್ಟೋದಾದ್ರೆ ಸರಿಯಾಗಿ ಕಟ್ಟಬೇಕು."

ಹತ್ತು ದಿನ ಹಳೆ ಗಾರೆ ಕೆರೆಯುವುದರಲ್ಲೇ ಹೋಯಿತು. ಮೂವರೂ ಸಾಲಾಗಿ ಕೂತು ಇಟ್ಟಿಗೆ ಉಜ್ಜಿದರು. ಕೂದಲು, ಹುಬ್ಬು, ರೆಪ್ಪೆ ಎಲ್ಲ ಕೆಂಪು ಧೂಳು. ಒಡೆಯದ ಇಟ್ಟಿಗೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿದರೆ ಗಂಟೆಯಂತೆ ಸದ್ದು ಬರಬೇಕೆಂದು ಹೇಳಿಕೊಟ್ಟದ್ದೇ ತಡ, ಗುಂಡ ಮನೆಯಲ್ಲಿದ್ದುದನ್ನೆಲ್ಲ ತಟ್ಟಿ ನೋಡಿದ, ತಾತನ ತಲೆಯನ್ನೂ ಸೇರಿಸಿ. ಇದು ಒಳಗೆ ಟೊಳ್ಳು ಎಂದು ತೀರ್ಪು ಕೊಟ್ಟ. ಮೇಸ್ತ್ರಿ ಬಹಳ ದಿನದ ಮೇಲೆ ನಕ್ಕ.

ಆಮೇಲೆ ಪಾಯದ ಪ್ರಶ್ನೆ ಬಂತು. ಕೊಟ್ಟಿಗೆ ಕೆಡವಿದರೂ ಅದರ ಉದ್ದಗೋಡೆಯ ಪಾಯದ ಕಲ್ಲುಗಳು ನೆಲದಲ್ಲೇ ಉಳಿದಿದ್ದವು. ಅಡಿಗೆಮನೆಯ ಮೂಲೆಯಿಂದ ಹಿಂದಿನ ಕಾಂಪೌಂಡಿನವರೆಗೆ ಹದಿನೆಂಟು ಅಡಿ, ಒಂದೇ ಸಾಲು. ಮೇಡಮ್ಮು ಮರದ ಕೆಳಗೆ ಕಟ್ಟೋಣವೆಂದಳು. ಮೇಸ್ತ್ರಿ ಒಪ್ಪಲಿಲ್ಲ. ಅಲ್ಲಿ ಮಣ್ಣು ಸಡಿಲ, ಗೋಡೆ ಕೂರುತ್ತದೆ. ಇಲ್ಲಿ ತಾನೇ ಹಾಕಿದ ಕಲ್ಲಿನ ಪಾಯ ಗಟ್ಟಿಯಾಗಿ ಬಿದ್ದಿದೆ. ಗಟ್ಟಿ ಪಾಯವನ್ನು ಬಿಟ್ಟು ಸಡಿಲ ಮಣ್ಣಿನ ಮೇಲೆ ಗೋಡೆ ಎಬ್ಬಿಸುವುದು ಅವನ ಕೈಯಿಂದ ಆಗುವ ಕೆಲಸವಾಗಿರಲಿಲ್ಲ. ಎರಡು ತುದಿಗೆ ಗೂಟ ಹೊಡೆದು, ಒಂದು ತುದಿ ಅಳಿಲಿನ ಕೈಗೆ, ಇನ್ನೊಂದು ಮೇಡಮ್ಮುವಿನ ಕೈಗೆ ಕೊಟ್ಟು ದಾರ ಎಳೆಸಿದ. ಬಿಗಿಯಾದ ದಾರವನ್ನು ಗುಂಡ ಬೆರಳಿನಿಂದ ಮೀಟಿದ.

ಮೊದಲು ಉದ್ದಗೋಡೆ, ಆಮೇಲೆ ಅಡ್ಡಗೋಡೆಗಳು ಎಂದು ಮಾತಾಯಿತು. ಎರಡು ದಿನಕ್ಕೆ ಇಟ್ಟಿಗೆಯ ಒಂದು ಸಾಲು, ಮೇಸ್ತ್ರಿಯ ಮಾತಿನಲ್ಲಿ ಒಂದು ವರಸೆ. ಮಣ್ಣು ಕಲಸುವವಳು ಅಳಿಲು, ಇಟ್ಟಿಗೆ ನೆನೆಸಿ ತರುವವನು ಗುಂಡ, ಇಡುವವಳು ಮೇಡಮ್ಮು. ಮೂರು ದಿನಕ್ಕೊಮ್ಮೆ ಕೆಲಸ ಅದಲುಬದಲು. ಕೆಳಗಿನ ಸಂದಿನ ಮೇಲೆ ಮೇಲಿನ ಸಂದು ಬರಕೂಡದು. ಬಂದರೆ ಇಡೀ ವರಸೆ ಕಿತ್ತು ಹಾಕಿಸುತ್ತಿದ್ದ. ಕೀಳಿಸಿದಾಗ ಮಕ್ಕಳು ಅಳುವ ಬದಲು ತಪ್ಪು ಯಾರದೆಂದು ವಿಚಾರಣೆ ನಡೆಸುತ್ತಿದ್ದರು. ತಾತ ರಸಮಟ್ಟ ಇಟ್ಟು ಕಣ್ಣು ಕಿರಿದು ಮಾಡಿ ನೋಡುವಾಗ ಮೂವರೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಅದರ ಗಾಜಿನೊಳಗಿನ ಗುಳ್ಳೆ ನಡುವೆ ನಿಂತರೆ ಅದೇ ಹಬ್ಬ.

ಮನೆ ತಣ್ಣಗಾಯಿತು. ಮಿಷನ್ನು ಮಧ್ಯಾಹ್ನದವರೆಗೆ ಎಡೆಬಿಡದೆ ಓಡತೊಡಗಿತು. ಕಿರಿಸೊಸೆ ಹನ್ನೊಂದಕ್ಕೆ ಮೊಟ್ಟೆ ಬೇಯಿಸಿ, ಸಿಪ್ಪೆ ಸುಲಿದು, ಹಿತ್ತಲಿಗೇ ತಂದು ಮೂವರ ಬಾಯಿಗೆ ಇಡುತ್ತಿದ್ದಳು, ಕೈಗಳು ಕೊಳೆಯಾಗಿರುತ್ತಿದ್ದರಿಂದ. ಹಿರಿಸೊಸೆ ಸಂಜೆ ಬರುವಾಗ ಬನ್ನು ತರುತ್ತಿದ್ದಳು, ಮೂರಕ್ಕೆ ಮೂರೂ ಒಂದೇ ಅಳತೆಯವು. ಒಂದು ದಿನ ನಾದಿದ ಹಿಟ್ಟಿನ ಮುಂದೆ ಇಬ್ಬರು ಸೊಸೆಯರೂ ಜೊತೆಗೆ ಕೂತು ರೊಟ್ಟಿ ತಟ್ಟುತ್ತಿದ್ದುದನ್ನು ಮೇಸ್ತ್ರಿ ಬಾಗಿಲಲ್ಲಿ ನಿಂತು ಕಂಡ. ಯಾರೂ ಯಾರನ್ನೂ ಚುಚ್ಚುತ್ತಿರಲಿಲ್ಲ. ಅವತ್ತು ಎರಡು ರೊಟ್ಟಿ ಹೆಚ್ಚಿಗೆ ತಿಂದ.

ಗೋಡೆ ಮೊಣಕಾಲು ದಾಟಿದಾಗ ಅಣ್ಣತಮ್ಮಂದಿರೂ ಬಂದು ನೋಡಿದರು. ಡ್ರೈವರ್ ಗೋಡೆಯಿಂದ ಎಡಕ್ಕೆ ಹೆಜ್ಜೆ ಹಾಕುತ್ತ ಕಾಂಪೌಂಡಿನವರೆಗೆ ಹೋದ, ತಿರುಗಿ ಬಂದು ಬಲಕ್ಕೂ ಹಾಗೆಯೇ ಹೋದ. ಸಣ್ಣ ಮಕ್ಕಳ ಕೆಲಸ ಅನ್ನೋ ಹಾಗಿಲ್ಲ ಅಪ್ಪ ಎಂದ. ಕಿರಿಯವನು ಮರುದಿನ ಅಂಗಡಿಯಿಂದ ಮೂಲೆ ಹರಿದ ಸಿಮೆಂಟಿನ ಚೀಲವೊಂದನ್ನು ಸ್ಕೂಟರಿನ ಮುಂದಿಟ್ಟುಕೊಂಡು ತಂದ. ಮಣ್ಣಾದರೆ ಮಳೆಗೆ ಕರಗುತ್ತದೆ, ಮಕ್ಕಳು ಇಷ್ಟು ಕಷ್ಟಪಟ್ಟದ್ದು ವ್ಯರ್ಥವಾಗಬಾರದು ಎಂದ. ಎರಡು ವರ್ಷದಲ್ಲಿ ಅಣ್ಣತಮ್ಮಂದಿರು ಒಂದೇ ವಸ್ತುವನ್ನು ಹೊಗಳಿದ್ದು ಅದೇ ಮೊದಲು. ಮೇಸ್ತ್ರಿಗೆ ಖುಷಿಯಾಯಿತು. ತಾನೇ ಸಿಮೆಂಟು ಕಲಸಿ, ಮುಂದಿನ ವರಸೆಗಳನ್ನು ಅದರಲ್ಲೇ ಕೂರಿಸಿದ, ಕೆಳಗಿನ ಸಂದುಗಳಿಗೂ ಒತ್ತಿ ತುಂಬಿದ.

ಒಂಬತ್ತನೆಯ ವಾರ ಮುಗಿದ ಭಾನುವಾರ ಬೆಳಿಗ್ಗೆ ಅಣ್ಣತಮ್ಮಂದಿರಿಬ್ಬರೂ ಅಳತೆಯ ಟೇಪು ಹಿಡಿದು ಹಿತ್ತಲಿಗೆ ಬಂದರು. ಗೋಡೆ ಆಗ ಮೇಡಮ್ಮುವಿನ ಸೊಂಟದವರೆಗಿತ್ತು. ಮೇಸ್ತ್ರಿ ಅಡ್ಡಗೋಡೆಗೆ ಗುರುತು ಮಾಡುತ್ತಿದ್ದ.

"ಅಪ್ಪ, ಅದು ಬೇಡ" ಎಂದ ಹಿರಿಯವನು. "ಇದನ್ನೇ ಏಳು ಅಡಿಗೆ ಎತ್ತೋಣ."

"ಏಳು ಅಡಿ ಯಾಕೆ? ಗುಂಡ ಮೂರೂವರೆ ಅಡಿ ಇಲ್ಲ."

ಇಬ್ಬರೂ ಮುಖ ನೋಡಿಕೊಂಡರು. ಕಿರಿಯವನು ಬಾಯಿಬಿಟ್ಟ.

"ನಾವಿಬ್ರೂ ಮಾತಾಡಿದ್ದಾಯ್ತು ಅಪ್ಪ. ಆ ಕಡೆ ಹದಿನಾಲ್ಕು ಅಡಿ, ಈ ಕಡೆ ಹದಿನಾಲ್ಕು ಅಡಿ. ನಾನು ಬೇರೆ ನಲ್ಲಿ ಎಳಕೋತೀನಿ, ಅಣ್ಣ ಬೇರೆ ಬಚ್ಚಲು ಕಟ್ಕೋತಾನೆ. ತಕರಾರಿಲ್ಲ."

"ಅದು ಮಕ್ಕಳ ಆಟಕ್ಕೆ ಹಿಡಿದ ದಾರ ಕಣೋ."

"ಯಾತಕ್ಕೋ ಇರಲಿ, ಹಿಡಿದವನು ನೀನು" ಎಂದ ಹಿರಿಯವನು. "ನಾನು ಹಿಡಿದಿದ್ರೆ ಇವನು ಒಪ್ತಿರಲಿಲ್ಲ. ಇವನು ಹಿಡಿದಿದ್ರೆ ನಾನು ಒಪ್ತಿರಲಿಲ್ಲ. ನೀನು ಎಳೆದ ಗೆರೆಗೆ ನಾವು ಎದುರು ಮಾತಾಡಲ್ಲ."

ಮೇಸ್ತ್ರಿ ಅಡಿಗೆಮನೆಯ ಕಡೆ ನೋಡಿದ. ಸೊಸೆಯರಿಬ್ಬರೂ ಬಾಗಿಲಲ್ಲಿದ್ದರು. ಇಬ್ಬರಿಗೂ ಇದು ಹೊಸ ಮಾತಲ್ಲವೆಂದು ಅವರು ನಿಂತ ರೀತಿಯಲ್ಲೇ ತಿಳಿಯುತ್ತಿತ್ತು. ಇಷ್ಟು ದಿನದ ಬನ್ನೂ ಮೊಟ್ಟೆಯೂ ರೊಟ್ಟಿಯೂ ಬೇರೆಯಾಗಲು ಹೊರಟು ನಿಂತವರ ಮರ್ಯಾದೆ ಎಂದು ಅವನಿಗೆ ಆಗ ಹೊಳೆಯಿತು.

ಹೋಗಿ ಹಾರೆ ತಂದ. ಮೇಲಿನ ವರಸೆಗೆ ಹಾರೆಯ ತುದಿ ಇಟ್ಟದ್ದೇ ಮೇಡಮ್ಮು ಓಡಿಬಂದು ಗೋಡೆಗೆ ಬೆನ್ನು ಕೊಟ್ಟು ನಿಂತಳು. ಅವಳ ಪಕ್ಕಕ್ಕೆ ಇನ್ನಿಬ್ಬರೂ ಬಂದರು.

"ತಾತ, ಯಾಕೆ ಕೀಳ್ತೀಯ? ಎಲ್ಲಿ ತಪ್ಪಾಗಿದೆ?" ಎಂದಳು ಮೇಡಮ್ಮು.

ಅವನು ಹಾರೆ ತೆಗೆಯಲಿಲ್ಲ.

"ನಿನ್ನೆ ನೀನೇ ರಸಮಟ್ಟ ಇಟ್ಟು ಸರಿಯಿದೆ ಅಂದೆ" ಎಂದಳು ಅಳಿಲು. "ನಾನು ಸಂದು ನೋಡಿಕೊಂಡೇ ಇಟ್ಟಿದೀನಿ. ಬೇಕಾದ್ರೆ ಎಣಿಸು."

ಎಲ್ಲಿಯೂ ತಪ್ಪಾಗಿರಲಿಲ್ಲ. ಮೇಸ್ತ್ರಿ ಹಾರೆಯನ್ನು ಗೋಡೆಗೆ ಒರಗಿಸಿದ.

ಆಮೇಲೆ ಒಂದೇ ಬೇಡಿಕೆಯಿಟ್ಟ. ನಡುವೆ ಮೂರಡಿ ಬಾಗಿಲಿಗೆ ಜಾಗ ಬಿಡಬೇಕು. ಮಕ್ಕಳು ಆಚೆ ಈಚೆ ಓಡಾಡಲಿ. ಅಣ್ಣತಮ್ಮಂದಿರು ಆಗಲಿ ಎಂದರು. ಅಷ್ಟರಲ್ಲಿ ಹಿರಿಸೊಸೆ, ಚಿಲಕ ಯಾವ ಕಡೆ ಎಂದು ಕೇಳಿದಳು. ಬಾಗಿಲು ತಮ್ಮ ಕಡೆ ತೆರೆದರೆ ನಲ್ಲಿಯ ಕಟ್ಟೆಗೆ ತಾಗುತ್ತದೆಂದು ಡ್ರೈವರ್ ಹೇಳಿದ. ತಮ್ಮ ಕಡೆ ತೆರೆದರೆ ಬಟ್ಟೆ ಒಣಹಾಕುವ ಜಾಗ ಹೋಗುತ್ತದೆಂದು ಕಿರಿಯವನು. ಮಾತು ಏರಿತು. ಎರಡೂ ಕಡೆ ಚಿಲಕವಿಡಬಹುದೆಂದು ಮೇಸ್ತ್ರಿ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ.

ಕೊನೆಗೆ ಕಿರಿಸೊಸೆ ಮೆಲ್ಲಗೆ ಹೇಳಿದಳು: "ಬಾಗಿಲಿಟ್ರೆ ಬೆಳಗಾಗೆದ್ದು ಮೂರೂ ನನ್ನ ಕಡೇನೇ ಬರ್ತವೆ, ಮಾವ. ನಿಮಗೂ ಗೊತ್ತು."

"ನನ್ನ ಮಕ್ಕಳು ನಿನ್ನ ಹೊಸಿಲು ತುಳಿಯಲ್ಲ. ಬಾಗಿಲೇ ಬೇಡ" ಎಂದಳು ಹಿರಿಸೊಸೆ.

ಬಾಗಿಲಿಲ್ಲವೆಂದೇ ತೀರ್ಮಾನವಾಯಿತು.

ಮೇಸ್ತ್ರಿ ಇನ್ನು ತಾನು ಆ ಗೋಡೆ ಮುಟ್ಟುವುದಿಲ್ಲವೆಂದು ಹಜಾರದಲ್ಲಿ ಹೋಗಿ ಕೂತ. ಹೊಸ ಇಟ್ಟಿಗೆ ಬಂತು. ಮೇಸ್ತ್ರಿಯ ಮನೆಯ ಕೆಲಸಕ್ಕೆ ಹೊರಗಿನಿಂದ ಮೇಸ್ತ್ರಿ ಕರೆಸುವುದು ಅಣ್ಣತಮ್ಮಂದಿರಿಗೆ ನಾಚಿಕೆಯೆನಿಸಿರಬೇಕು, ತಾವೇ ಸಂಜೆ ಸಂಜೆ ಇಟ್ಟರು. ಹಗಲು ಮಕ್ಕಳು ಇಟ್ಟರು. ಅವರಿಗೆ ಯಾರೂ ಬೇಡವೆನ್ನಲಿಲ್ಲ. ಕೆಲಸ ಬೇಗ ಮುಗಿಯುತ್ತಿತ್ತು. ಮೇಡಮ್ಮು ಮತ್ತು ಗುಂಡ ಈ ಕಡೆಯಿಂದ, ಅಳಿಲು ಆ ಕಡೆಯಿಂದ ಸ್ಟೂಲು ಹಾಕಿಕೊಂಡು ಪಂದ್ಯ ಹೂಡಿದರು. ಅವರ ನಗು ಹಜಾರದವರೆಗೂ ಕೇಳುತ್ತಿತ್ತು. ಮಕ್ಕಳನ್ನು ಸುಮ್ಮನಿರಿಸಲು ಅಷ್ಟು ಒಳ್ಳೆಯ ಉಪಾಯ ಇನ್ನೊಂದಿಲ್ಲವೆಂದು ಪಕ್ಕದ ಮನೆಯವಳೂ ಹೊಗಳಿ ಹೋದಳು.

ಮೂರನೆಯ ದಿನ ಮೇಸ್ತ್ರಿ ಬಾಯಿ ಮುಕ್ಕಳಿಸಲು ಹಿತ್ತಲಿಗೆ ಬಂದವನು ಗೋಡೆ ನೋಡಿದ. ಅವಸರದಲ್ಲಿ ಸಂದಿನ ಮೇಲೆ ಸಂದು ಬಂದಿತ್ತು. ನಡುವೆ ಹೊಟ್ಟೆ ಉಬ್ಬಿತ್ತು. ಅರ್ಧ ಇಟ್ಟಿಗೆ ದಪ್ಪದ ಗೋಡೆ, ಹದಿನೆಂಟು ಅಡಿ ಉದ್ದಕ್ಕೆ ಅದನ್ನು ಹಿಡಿದು ನಿಲ್ಲಿಸಲು ಒಂದು ಕಂಬವೂ ಇಲ್ಲ. ಗುಂಡ ಅದರ ಬುಡದಲ್ಲಿ ಕೂತು ಇಟ್ಟಿಗೆ ನೆನೆಸುತ್ತಿದ್ದ.

"ಏಳೋ ಅಲ್ಲಿಂದ" ಎಂದ ಮೇಸ್ತ್ರಿ.

ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ. ಮೇಲಿನ ಐದು ವರಸೆ ಕೀಳಿಸಿದ. ಮೂರು ಕಡೆ ಕಂಬಕ್ಕೆ ಪಾಯ ತೋಡಿಸಿದ. ಸೊಂಟಕ್ಕೆ ಟವಲು ಬಿಗಿದುಕೊಂಡು, ಮಕ್ಕಳನ್ನು ಮತ್ತೆ ಕೆಲಸಕ್ಕೆ ಹಚ್ಚಿ, ಆರು ದಿನದಲ್ಲಿ ಏಳು ಅಡಿ ಮುಟ್ಟಿಸಿದ. ಕೊನೆಯ ವರಸೆ ಇಡುವಾಗ ಆ ಕಡೆ ಅಳಿಲು ಕಾಣಿಸುತ್ತಿರಲಿಲ್ಲ, ಇಟ್ಟಿಗೆ ಹಿಡಿದ ಎರಡು ಕೈ ಮಾತ್ರ ಮೇಲೆ ಬರುತ್ತಿದ್ದವು. ಕೆಲಸ ನೋಡಲು ಬಂದ ಡ್ರೈವರ್ ಗೋಡೆಯನ್ನು ಅಂಗೈಯಿಂದ ತಟ್ಟಿ, ಇನ್ನು ಇದು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲುಗಲ್ಲ ಎಂದ. ಮೇಸ್ತ್ರಿ ಕರಣೆ ತೊಳೆಯುತ್ತಿದ್ದ.

ಹಜಾರದಿಂದ ಬಲಗಡೆಯ ಕೋಣೆಗಳಿಗೆ ಹೋಗುವ ಬಾಗಿಲಿಗೆ ಬೀರು ಅಡ್ಡ ಬಂತು. ಹೊಲಿಗೆ ಕೋಣೆಯಲ್ಲಿ ಗ್ಯಾಸಿನ ಒಲೆ ಬಂತು. ಪಾತ್ರೆ ಹಂಚುವಾಗ ಸೊಸೆಯರು ಬಹಳ ಮರ್ಯಾದೆಯಿಂದ ನಡೆದುಕೊಂಡರು. ಮೇಸ್ತ್ರಿಯ ಊಟ ಒಂದು ತಿಂಗಳು ಈ ಕಡೆ, ಒಂದು ತಿಂಗಳು ಆ ಕಡೆ ಎಂದಾಯಿತು. ಮೊದಲ ತಿಂಗಳು ಹಿರಿಯವನದು.

ಶಾಲೆ ತೆರೆಯಲು ಇನ್ನೂ ಎಂಟು ದಿನವಿತ್ತು. ಕಟ್ಟುವುದಕ್ಕೆ ಏನೂ ಉಳಿದಿರಲಿಲ್ಲ. ಗುಂಡನೂ ಮೇಡಮ್ಮುವೂ ಬೆಳಗಿನಿಂದ ಜಗಳವಾಡಿ, ಸೋತು, ಹಜಾರದ ನೆಲದ ಮೇಲೆ ಬಿದ್ದುಕೊಂಡಿದ್ದರು. ಬೀರುವಿನಾಚೆ ಮಿಷನ್ನು ನಿಲ್ಲದೆ ಓಡುತ್ತಿತ್ತು. ಒಬ್ಬಳೇ ಮಗಳಾದ್ದರಿಂದ ಆ ಕಡೆ ಗಲಾಟೆಯೇ ಇರಲಿಲ್ಲ.

ಹೊಸ ಗೋಡೆಗೆ ಏಳು ದಿನ ಹೊತ್ತು ಹೊತ್ತಿಗೆ ನೀರು ಕುಡಿಸಬೇಕು. ಇಲ್ಲದಿದ್ದರೆ ಸಿಮೆಂಟು ಒಣಗಿ ಪುಡಿಯಾಗುತ್ತದೆ. ಮೇಸ್ತ್ರಿ ಮಗ್ಗಿನಲ್ಲಿ ನೀರು ತುಂಬಿ ಗೋಡೆಯ ಈ ಕಡೆಯ ಮೈಗೆ ಎರಚಿದ. ಆಚೆ ಯಾರೋ ಓಡಾಡುವ ಸಪ್ಪಳವಾಯಿತು. ಹಗುರವಾದ ಹೆಜ್ಜೆ.

"ಅಳಿಲೂ" ಎಂದು ಕರೆದ.

ಸಪ್ಪಳ ನಿಂತಿತು.

"ನಾನು ಕಣೇ, ತಾತ."

ಗೋಡೆಗೆ ಬಹಳ ಹತ್ತಿರದಿಂದ, ಪಿಸುದನಿಯಲ್ಲಿ ಮಾತು ಬಂತು.

"ಆ ಕಡೆಯವರ ಹತ್ರ ಮಾತಾಡಬಾರದಂತೆ. ಅಮ್ಮ ಹೇಳಿದಾಳೆ."

ಮೇಸ್ತ್ರಿ ಮಗ್ಗು ಹಿಡಿದು ನಿಂತ. ನೀರು ಅವನ ಮೊಣಕೈವರೆಗೆ ಇಳಿಯಿತು.

"ಆದ್ರೆ ನೀರು ಹಾಕಿದೀನಿ ತಾತ" ಎಂದಳು ಅವಳು. "ಬೆಳಿಗ್ಗೆ ಒಂದು ಸಲ, ಈಗ ಒಂದು ಸಲ. ಮೂಲೆಗೂ ಹಾಕಿದೀನಿ."

"ಒಳ್ಳೇದು" ಎಂದ ಮೇಸ್ತ್ರಿ. ಆಮೇಲೆ ಮಗ್ಗು ಮತ್ತೆ ತುಂಬಿಕೊಂಡು, "ಸಂಜೆನೂ ಹಾಕು" ಎಂದ.